ಪಂದ್ಯಕ್ಕೆ ತಕ್ಕ ಊರು: ರಗ್ಬಿ ವಿಶ್ವಕಪ್ಪಿನ ಸ್ಥಳನಿರ್ಣಯವನ್ನು ಕುರಿತು

೧೯೯೯ರ ಅಕ್ಟೋಬರ್ ತಿಂಗಳಿನಲ್ಲಿ, ಎರಡು ವಾರಗಳ ಅಂತರದಲ್ಲಿ, ಸ್ಕಾಟ್ಲೆಂಡಿನ ಎರಡು ಊರುಗಳಲ್ಲಿ ರಗ್ಬಿ ವಿಶ್ವಕಪ್ಪಿನ ಎರಡು ಪಂದ್ಯಗಳು ನಡೆದುವು. ಅಕ್ಟೋಬರ್ ೨ರಂದು ಗ್ಯಾಲಶೀಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಉರುಗ್ವೆ ಮತ್ತು ಸ್ಪೇನ್ ತಂಡಗಳು ಎದುರಾದುವು. ಎರಡೂ ವಿಶ್ವಕಪ್ಪಿಗೆ ಬಂದುದು ಅದೇ ಮೊದಲು. ಅಕ್ಟೋಬರ್ ೧೫ರಂದು ಗ್ಲಾಸ್ಗೊ ಮಹಾನಗರದ ಹ್ಯಾಂಪ್ಡನ್ ಪಾರ್ಕ್ ಕ್ರೀಡಾಂಗಣದಲ್ಲಿ, ಹಿಂದಿನ ವಿಶ್ವಕಪ್ಪನ್ನು ಗೆದ್ದಿದ್ದ ದಕ್ಷಿಣ ಆಫ್ರಿಕ ಅದೇ ಉರುಗ್ವೆಯನ್ನು ಎದುರಿಸಿತು. ಮೊದಲ ಪಂದ್ಯಕ್ಕೆ ಬಂದವರು ಸುಮಾರು ೩,೭೫೦ ಮಂದಿ. ಎರಡನೆಯದಕ್ಕೆ ಸುಮಾರು ೩,೫೦೦. ಎರಡು ಸಂಖ್ಯೆಗಳಿಗೂ ಹೆಚ್ಚಿನ ಭೇದವಿಲ್ಲ. ಆದರೆ ಗ್ಯಾಲಶೀಲ್ಸಿನದು ಊರಿನ ರಗ್ಬಿ ಸಂಘದ ಚಿಕ್ಕ ಬಯಲು. ಅಷ್ಟು ಜನ ಸೇರಿದರೆ ಅಲ್ಲಿ ಹಬ್ಬದ ಕಳೆ ಬರುತ್ತದೆ. ಹ್ಯಾಂಪ್ಡನ್ ಐವತ್ತು ಸಾವಿರಕ್ಕೂ ಮಿಕ್ಕ ಆಸನಗಳುಳ್ಳದ್ದು; ಅಷ್ಟೇ ಜನ ಅಲ್ಲಿ ಕುಳಿತರೆ ಕಾಣುವುದು ಜನವಲ್ಲ, ಖಾಲಿ ಆಸನಗಳ ಸಾಲು. ಪ್ರಪಂಚದ ಅಗ್ರತಂಡವೂ ಮಹಾನಗರವೂ ದೊಡ್ಡ ಕ್ರೀಡಾಂಗಣವೂ ಒಟ್ಟುಗೂಡಿದರೂ, ಸಣ್ಣ ಪಟ್ಟಣವು ಇಬ್ಬರು ಹೊಸಬರ ಆಟಕ್ಕೆ ಕೂಡಿಸಿದಷ್ಟು ಜನವನ್ನು ಕೂಡಿಸಲಾಗಲಿಲ್ಲ.

ಈ ಎರಡು ಪಂದ್ಯಗಳ ನಡುವಣ ಅಂತರವೇ ಪ್ರಸ್ತುತ ಲೇಖನದ ವಿಷಯ. ಪ್ರೇಕ್ಷಕರ ಅಭಾವವಿರುವಾಗ ಪಂದ್ಯಗಳನ್ನು ಯಾವ ಊರುಗಳಿಗೆ ಹಂಚಬೇಕು? ಇದು ಕ್ರೀಡಾ ಸಂಸ್ಥೆಗಳ ವ್ಯವಹಾರದ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಒಂದು ಸೌಕರ್ಯವನ್ನು ಎಲ್ಲಿ ಇರಿಸಿದರೆ ಜನ ಅದನ್ನು ಬಳಸುತ್ತಾರೆ ಎಂಬುದು ಭೂಗೋಳಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲಿ ಒಂದು. ಕಾಲೇಜಿನ ತರಗತಿಗಳಲ್ಲಿ ನಾವು ಕಲಿಸುವ ಸ್ಥಳನಿರ್ಣಯದ ತತ್ತ್ವಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಈ ಆಟದ ಉದಾಹರಣೆಯಿಂದ ಪರಿಶೀಲಿಸಬಯಸುತ್ತೇವೆ.

೧. ಆಟದ ಹಿನ್ನೆಲೆ

ರಗ್ಬಿ ನಮ್ಮ ನಾಡಿನ ಬಹುಮಂದಿಗೆ ಅಪರಿಚಿತವಾದುದರಿಂದ ಎರಡು ಮಾತು ಅವಶ್ಯಕ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಹಿಂದಕ್ಕೆ ಮಾತ್ರ ಎಸೆಯುತ್ತ, ಎದುರಾಳಿಯ ಗಡಿಗೆರೆಯಾಚೆ ಮುಟ್ಟಿಸುವುದು ಈ ಆಟದ ಸಾರ. ೧೮೯೫ರಲ್ಲಿ ಇಂಗ್ಲೆಂಡಿನಲ್ಲಿ ಈ ಆಟ ಎರಡಾಗಿ ಒಡೆಯಿತು: ಹದಿನೈದು ಜನರ ‘ಯೂನಿಯನ್’ ಒಂದು, ಮುಂದೆ ಹದಿಮೂರು ಜನರ ಆಟವಾಗಿ ಬೆಳೆದ ‘ಲೀಗ್’ ಇನ್ನೊಂದು. ಇಲ್ಲಿ ನಾವು ವಿವೇಚಿಸುವುದು ಮುಖ್ಯವಾಗಿ ಮೊದಲನೆಯದನ್ನು. ಇದರ ವಿಶ್ವಕಪ್ ೧೯೮೭ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಗಳಲ್ಲಿ ಆರಂಭವಾಯಿತು. ಮೊದಲಿಗೆ ಹದಿನಾರು ತಂಡಗಳಿದ್ದುವು, ೧೯೯೯ರಲ್ಲಿ ಇಪ್ಪತ್ತಾದುವು, ೨೦೨೭ರ ವಿಶ್ವಕಪ್ಪಿಗೆ ಇಪ್ಪತ್ತನಾಲ್ಕು ಗೊತ್ತಾಗಿದೆ.

ಈ ವೃದ್ಧಿಯಲ್ಲಿಯೇ ಸಮಸ್ಯೆಯ ಬೀಜವಿದೆ. ಬಲವಾದ ತಂಡಗಳು ಎಂಟು-ಹತ್ತಕ್ಕೆ ಮೀರುವುದಿಲ್ಲ. ತಂಡಗಳ ಸಂಖ್ಯೆ ಹೆಚ್ಚಿದಷ್ಟೂ, ಆತಿಥೇಯ ದೇಶದವರಿಗೆ ಪರಿಚಯವೇ ಇಲ್ಲದ ಎರಡು ತಂಡಗಳ ನಡುವಣ ಪಂದ್ಯಗಳೂ, ಫಲಿತಾಂಶ ಮೊದಲೇ ತಿಳಿದಂತಿರುವ ಪಂದ್ಯಗಳೂ ಹೆಚ್ಚುತ್ತವೆ. ಅಂತಿಮ ಪಂದ್ಯಕ್ಕೆ ಊರನ್ನು ಹುಡುಕುವುದು ಕಷ್ಟವಲ್ಲ. ಕಷ್ಟವಿರುವುದು ಈ ಅಪರಿಚಿತ ಪಂದ್ಯಗಳಿಗೆ ಊರನ್ನು ಹುಡುಕುವುದರಲ್ಲಿ.

೨. ಸಂತೆಯ ಲೆಕ್ಕ ಮತ್ತು ಜಾತ್ರೆಯ ಲೆಕ್ಕ

ಜರ್ಮನಿಯ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್ ೧೯೩೩ರಲ್ಲಿ ಮಂಡಿಸಿದ ಕೇಂದ್ರಸ್ಥಾನ ಸಿದ್ಧಾಂತ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಅದರಲ್ಲಿ ಎರಡು ಕಲ್ಪನೆಗಳು ಪ್ರಧಾನ. ಒಂದು ಸೌಕರ್ಯ ನಷ್ಟವಿಲ್ಲದೆ ನಡೆಯಲು ಬೇಕಾದ ಕನಿಷ್ಠ ಜನಬಲ ಒಂದು. ಆ ಸೌಕರ್ಯಕ್ಕಾಗಿ ಜನ ಎಷ್ಟು ದೂರದಿಂದ ಬರಲು ಒಪ್ಪುತ್ತಾರೆ ಎಂಬ ಸೆಳೆತದ ಹರವು ಇನ್ನೊಂದು. ದಿನಸಿ ಅಂಗಡಿ ಹಳ್ಳಿಹಳ್ಳಿಗೂ ಇರುತ್ತದೆ. ವಾರದ ಸಂತೆ ಹೋಬಳಿಗೊಂದು. ದೊಡ್ಡ ಜವಳಿ ಅಂಗಡಿ ತಾಲ್ಲೂಕು ಕೇಂದ್ರಕ್ಕೆ. ವೈದ್ಯಕೀಯ ಕಾಲೇಜು ಜಿಲ್ಲಾ ಕೇಂದ್ರಕ್ಕೆ. ಬೇಕಾದ ಜನಬಲ ಹೆಚ್ಚಿದಂತೆ ಊರಿನ ಗಾತ್ರವೂ ಹೆಚ್ಚಬೇಕು. ಈ ಲೆಕ್ಕದಂತೆ ವಿಶ್ವಕಪ್ಪಿನ ಪಂದ್ಯಗಳೆಲ್ಲವೂ ಮಹಾನಗರಗಳಿಗೇ ಸಲ್ಲಬೇಕು. ಇದನ್ನು ನಾವು ಅನುಕೂಲಕ್ಕಾಗಿ ಸಂತೆಯ ಲೆಕ್ಕವೆಂದು ಕರೆಯೋಣ.

ಆದರೆ ಜಾತ್ರೆಯನ್ನು ಈ ಲೆಕ್ಕದಿಂದ ವಿವರಿಸಲಾಗುವುದಿಲ್ಲ. ಸಾವಿರ ಮನೆಗಳಿಲ್ಲದ ಊರಿನ ತೇರಿಗೆ ಊರಿನ ಜನಸಂಖ್ಯೆಯ ಹಲವು ಪಟ್ಟು ಜನ ಸೇರುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿಗೆ ಜನ ಬರುವುದು ಆ ದಿನ ಆ ಊರಿನದೆಂಬ ಭಾವದಿಂದ, ಸೌಕರ್ಯವನ್ನು ಹುಡುಕಿಕೊಂಡಲ್ಲ. ಊರಿನವರು ಅದನ್ನು ತಮ್ಮದೆಂದು ನಡೆಸುತ್ತಾರೆ, ನೆಂಟರನ್ನು ಕರೆಯುತ್ತಾರೆ, ಬರದಿದ್ದವರನ್ನು ಕೇಳುತ್ತಾರೆ. ಕ್ರೀಡೆಯ ಪಂದ್ಯದಲ್ಲಿ ಈ ಎರಡು ಗುಣಗಳೂ ಬೆರೆತಿವೆ ಎಂಬುದು ನಮ್ಮ ಅಭಿಪ್ರಾಯ. ಚೀಟಿಯ ಬೆಲೆ, ರೈಲಿನ ದಾರಿ, ಆಸನಗಳ ಸಂಖ್ಯೆ ಇವು ಸಂತೆಯ ಭಾಗ. ಊರು ಪಂದ್ಯವನ್ನು ತನ್ನದೆಂದು ಒಪ್ಪಿಕೊಳ್ಳುವುದು ಜಾತ್ರೆಯ ಭಾಗ. ಒಂದನ್ನು ಮಾತ್ರ ಎಣಿಸಿದವರು ಸೋತ ಸಂದರ್ಭಗಳು ವಿಶ್ವಕಪ್ಪಿನ ಚರಿತ್ರೆಯಲ್ಲಿ ಹಲವಿವೆ.

೩. ಸಿಡ್ನಿ ಮತ್ತು ಸ್ಕಾಟ್ಲೆಂಡ್

ಮೊದಲ ವಿಶ್ವಕಪ್ಪಿನಲ್ಲಿಯೇ ಇದರ ಸೂಚನೆ ದೊರೆತಿತ್ತು. ೧೯೮೭ರ ಜೂನ್ ೧೩ರಂದು ಸಿಡ್ನಿಯ ಕಾಂಕರ್ಡ್ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯ ಮತ್ತು ಫ್ರಾನ್ಸ್ ತಂಡಗಳ ನಡುವೆ ಸೆಮಿಫೈನಲ್ ನಡೆಯಿತು. ಫ್ರಾನ್ಸ್ ೩೦–೨೪ರಿಂದ ಗೆದ್ದ ಆ ಪಂದ್ಯವನ್ನು ಆಟದ ಚರಿತ್ರೆಯ ಶ್ರೇಷ್ಠ ಪಂದ್ಯಗಳಲ್ಲಿ ಒಂದೆಂದು ಇಂದಿಗೂ ಎಣಿಸುತ್ತಾರೆ. ನೋಡಲು ಬಂದವರು ಹದಿನೆಂಟು ಸಾವಿರಕ್ಕಿಂತ ಕಡಿಮೆ. ಸಿಡ್ನಿ ಆಸ್ಟ್ರೇಲಿಯದ ಅತಿದೊಡ್ಡ ನಗರ, ಜನಬಲಕ್ಕೆ ಕೊರತೆಯಿರಲಿಲ್ಲ. ಆದರೆ ಅದು ಲೀಗ್ ಆಟದ ನಗರ. ನಗರದ ಜನಸಂಖ್ಯೆ ಬೇರೆ, ಆಟಕ್ಕೆ ಒಲಿದ ಜನಸಂಖ್ಯೆ ಬೇರೆ ಎಂಬ ಮೊದಲ ಪಾಠ ಇಲ್ಲಿದೆ.

೧೯೯೯ರ ವಿಶ್ವಕಪ್ಪಿಗೆ ವೇಲ್ಸ್ ದೇಶ ಆತಿಥೇಯ. ಆದರೆ ಪಂದ್ಯಗಳನ್ನು ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಫ್ರಾನ್ಸ್ ಎಂಬ ಐದು ಕಡೆಗೆ ಹಂಚಲಾಯಿತು. ಕಾರ್ಡಿಫ್ ನಗರದಲ್ಲಿ ಹೊಸದಾಗಿ ಕಟ್ಟಿದ ಮಿಲೆನಿಯಮ್ ಕ್ರೀಡಾಂಗಣದ ಸುತ್ತ ಉತ್ಸಾಹ ತುಂಬಿತ್ತು. ಸ್ಕಾಟ್ಲೆಂಡಿನ ಪಾಲಿಗೆ ಬಂದುದು ದಕ್ಷಿಣ ಆಫ್ರಿಕ, ಸ್ಪೇನ್, ಉರುಗ್ವೆಗಳನ್ನೊಳಗೊಂಡ ಗುಂಪು. ರಾಜಧಾನಿ ಎಡಿನ್‌ಬರೊದ ಮರೀಫೀಲ್ಡ್ ಕ್ರೀಡಾಂಗಣ ಸುಮಾರು ೬೭ ಸಾವಿರ ಜನ ಹಿಡಿಸುವಂಥದು. ಸ್ಕಾಟ್ಲೆಂಡ್ ಅಲ್ಲಿ ದಕ್ಷಿಣ ಆಫ್ರಿಕವನ್ನು ಎದುರಿಸಿದಾಗ ಐವತ್ತೇಳು ಸಾವಿರಕ್ಕೂ ಮಿಕ್ಕ ಜನ ಸೇರಿದರು. ಕೆಲವೇ ದಿನಗಳ ಅನಂತರ, ಅಕ್ಟೋಬರ್ ೮ರ ಶುಕ್ರವಾರ, ಅದೇ ಸ್ಕಾಟ್ಲೆಂಡ್ ತಂಡ ಅದೇ ಕ್ರೀಡಾಂಗಣದಲ್ಲಿ ಉರುಗ್ವೆಯೊಡನೆ ಆಡಿದಾಗ ಪ್ರೇಕ್ಷಕರು ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ದಕ್ಷಿಣ ಆಫ್ರಿಕ ಮತ್ತು ಸ್ಪೇನ್ ಪಂದ್ಯಕ್ಕೆ ಐದು ಸಾವಿರವೂ ಸೇರಲಿಲ್ಲ. ಅಕ್ಟೋಬರ್ ೨೦ರ ಬುಧವಾರ ಸ್ಕಾಟ್ಲೆಂಡ್ ಮತ್ತು ಸಮೋವಾ ನಡುವೆ ಮುಂದಿನ ಸುತ್ತಿನ ಪ್ರವೇಶವನ್ನು ನಿರ್ಧರಿಸುವ ಪಂದ್ಯ ನಡೆದಾಗ ಕೂಡ ಕ್ರೀಡಾಂಗಣದ ಕಾಲುಭಾಗ ಮಾತ್ರ ತುಂಬಿತು.

ಇಲ್ಲಿ ನಗರ ಒಂದೇ, ಕ್ರೀಡಾಂಗಣ ಒಂದೇ, ಮೂರು ಪಂದ್ಯಗಳಲ್ಲಿ ಆತಿಥೇಯ ತಂಡವೂ ಒಂದೇ. ಬದಲಾದುವು ಎದುರಾಳಿ ಮತ್ತು ವಾರದ ದಿನ. ‘ಎಡಿನ್‌ಬರೊ ಒಳ್ಳೆಯ ಊರೇ ಅಲ್ಲವೇ’ ಎಂಬ ಪ್ರಶ್ನೆಗೆ ಆದುದರಿಂದ ಉತ್ತರವಿಲ್ಲ. ಯಾವ ಪಂದ್ಯಕ್ಕೆ, ಯಾವ ದಿನಕ್ಕೆ ಎಂದು ಸೇರಿಸಿ ಕೇಳಿದರೆ ಮಾತ್ರ ಪ್ರಶ್ನೆ ಅರ್ಥಪೂರ್ಣವಾಗುತ್ತದೆ. ಊರಿಗೆ ತಾನಾಗಿ ಯೋಗ್ಯತೆಯಿಲ್ಲ. ಪಂದ್ಯದೊಡನೆ ಅದಕ್ಕಿರುವ ಸಂಬಂಧದಲ್ಲಿ ಯೋಗ್ಯತೆಯಿದೆ.

ಗ್ಯಾಲಶೀಲ್ಸ್ ಈ ಸಂಬಂಧಕ್ಕೆ ಒಳ್ಳೆಯ ನಿದರ್ಶನ. ಸ್ಕಾಟ್ಲೆಂಡಿನ ದಕ್ಷಿಣದ ಗಡಿಪ್ರಾಂತದಲ್ಲಿ ರಗ್ಬಿ ಜನಸಾಮಾನ್ಯರ ಆಟ. ಏಳು ಜನರ ರಗ್ಬಿ ೧೮೮೩ರಲ್ಲಿ ಹುಟ್ಟಿದ ಮೆಲ್ರೋಸ್ ಅಲ್ಲಿಂದ ಕೆಲವೇ ಮೈಲಿಗಳಾಚೆ ಇದೆ. ಆ ಕಾಲದಲ್ಲಿ ಊರಿಗೆ ರೈಲೂ ಇರಲಿಲ್ಲ. ೧೯೬೯ರಲ್ಲಿ ಮುಚ್ಚಿದ ರೈಲುದಾರಿ ಮತ್ತೆ ತೆರೆದುದು ೨೦೧೫ರಲ್ಲಿ. ಸೆಳೆತದ ಹರವನ್ನು ಹೆಚ್ಚಿಸುವ ಸಾಧನವಿಲ್ಲದೆಯೂ ಊರು ತನ್ನ ಬಲದಿಂದಲೇ ಜನವನ್ನು ಕೂಡಿಸಿತು. ಗ್ಲಾಸ್ಗೊ ಫುಟ್‌ಬಾಲಿನ ಮಹಾಕ್ಷೇತ್ರ. ಹ್ಯಾಂಪ್ಡನ್ ಆ ಆಟದ ಮನೆ. ಅಲ್ಲಿ ರಗ್ಬಿ ಅತಿಥಿಯಾಗಿ ಬಂದಿತು. ಬಂದ ಅತಿಥಿಯನ್ನು ಬರಮಾಡಿಕೊಳ್ಳುವವರು ಇರಲಿಲ್ಲ.

೪. ಊರು ತಂಡವನ್ನು ತನ್ನದೆಂದಾಗ

ಹಾಗಾದರೆ ರಗ್ಬಿಯ ಪರಂಪರೆಯಿಲ್ಲದ ಊರುಗಳಿಗೆ ಪಂದ್ಯಗಳನ್ನು ಕೊಡಲೇಬಾರದೆ? ಮುಂದಿನ ವಿಶ್ವಕಪ್ ಈ ತೀರ್ಮಾನವನ್ನು ಅಲ್ಲಗಳೆಯುತ್ತದೆ. ೨೦೦೩ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಪಂದ್ಯಾವಳಿಯಲ್ಲಿ ಟಾಸ್ಮೇನಿಯ ದ್ವೀಪದ ಲಾನ್ಸೆಸ್ಟನ್ ಪಟ್ಟಣಕ್ಕೆ ದೊರೆತುದು ರೊಮೇನಿಯ ಮತ್ತು ನಮೀಬಿಯ ನಡುವಣ ಪಂದ್ಯ. ಅದು ಆಸ್ಟ್ರೇಲಿಯದ ತನ್ನದೇ ಆದ ಫುಟ್‌ಬಾಲನ್ನು ಆಡುವ ನಾಡು, ಪಟ್ಟಣದ ಜನಸಂಖ್ಯೆ ಸುಮಾರು ಒಂದು ಲಕ್ಷದ ಆಸುಪಾಸು, ದಿನ ಗುರುವಾರ, ತಂಡಗಳೆರಡೂ ಅಲ್ಲಿಯವರಿಗೆ ಅಪರಿಚಿತ. ಸಂತೆಯ ಲೆಕ್ಕದಂತೆ ಇದು ಹ್ಯಾಂಪ್ಡನ್ನಿಗಿಂತಲೂ ಹೀನಾಯವಾಗಬೇಕಿತ್ತು. ಆದರೆ ಬಂದವರು ಹದಿನೈದು ಸಾವಿರಕ್ಕೂ ಮಿಕ್ಕವರು.

ಊರಿನವರು ಮಾಡಿದ ಉಪಾಯ ಸರಳ. ಸಮಸಂಖ್ಯೆಯ ತಾರೀಖಿನಲ್ಲಿ ಹುಟ್ಟಿದವರು ಒಂದು ತಂಡದ ಕಡೆಗೆ, ಬೆಸಸಂಖ್ಯೆಯ ತಾರೀಖಿನಲ್ಲಿ ಹುಟ್ಟಿದವರು ಇನ್ನೊಂದರ ಕಡೆಗೆ ಎಂದು ಗೊತ್ತುಮಾಡಿಕೊಂಡರು. ಒಂದೇ ಮನೆಯ ಗಂಡ ಹೆಂಡಿರು ಎದುರು ಪಕ್ಷಗಳಾಗಬಹುದಿತ್ತು. ತಮಾಷೆಯಂತೆ ತೋರುವ ಈ ಏರ್ಪಾಟಿನಲ್ಲಿ ಒಂದು ತಥ್ಯವಿದೆ. ಪ್ರೇಕ್ಷಕನಿಗೆ ಆಟದ ಸೂಕ್ಷ್ಮ ತಿಳಿಯದಿದ್ದರೂ ಆದೀತು, ಪಕ್ಷವೊಂದು ಬೇಕು. ಪಕ್ಷವಿಲ್ಲದವನಿಗೆ ಆಟ ಬರಿಯ ದೃಶ್ಯ. ಪಕ್ಷವಿದ್ದವನಿಗೆ ಅದು ತನ್ನ ಮನೆಯ ವ್ಯವಹಾರ.

೨೦೧೧ರಲ್ಲಿ ನ್ಯೂಜಿಲೆಂಡ್ ಇದೇ ತತ್ತ್ವವನ್ನು ದೇಶವ್ಯಾಪಿಯಾಗಿ ಪ್ರಯೋಗಿಸಿತು. ಆ ವರ್ಷದ ಫೆಬ್ರುವರಿ ೨೨ರ ಭೂಕಂಪದಿಂದ ಕ್ರೈಸ್ಟ್‌ಚರ್ಚ್ ನಗರ ನಷ್ಟಹೊಂದಿ, ಅಲ್ಲಿ ನಡೆಯಬೇಕಾಗಿದ್ದ ಏಳು ಪಂದ್ಯಗಳನ್ನು ಬೇರೆಡೆಗೆ ಒಯ್ಯಬೇಕಾಯಿತು. ಅಂಥ ಸಂಕಟದ ನಡುವೆಯೂ ನೆಲ್ಸನ್, ನೇಪಿಯರ್, ಇನ್ವರ್‌ಕಾರ್ಗಿಲ್, ಪಾಮರ್‌ಸ್ಟನ್ ನಾರ್ತ್ ಮೊದಲಾದ ಸಣ್ಣ ಊರುಗಳು ತಮ್ಮಲ್ಲಿಗೆ ಬಂದ ಪರದೇಶದ ತಂಡಗಳನ್ನು ‘ಎರಡನೆಯ ತಂಡ’ವಾಗಿ ದತ್ತು ತೆಗೆದುಕೊಂಡು ನಡೆದುಕೊಂಡವು. ೨೦೧೯ರಲ್ಲಿ ಜಪಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಿಟಕ್ಯೂಷು ನಗರಕ್ಕೆ ಪಂದ್ಯವೇ ದೊರೆತಿರಲಿಲ್ಲ. ವೇಲ್ಸ್ ತಂಡ ಅಭ್ಯಾಸಕ್ಕಾಗಿ ಅಲ್ಲಿ ತಂಗಿತ್ತು, ಅಷ್ಟೆ. ಆ ಅಭ್ಯಾಸವನ್ನು ನೋಡಲು ಸುಮಾರು ಹದಿನೈದು ಸಾವಿರ ಜನ ಬಂದರು. ಸ್ಕಾಟ್ಲೆಂಡಿನ ಹ್ಯಾಂಪ್ಡನ್ನಿನಲ್ಲಿ ವಿಶ್ವಕಪ್ಪಿನ ನಿಜವಾದ ಪಂದ್ಯಕ್ಕೆ ಬಂದವರ ನಾಲ್ಕು ಪಟ್ಟಿಗೂ ಹೆಚ್ಚು ಇದು ಎಂಬುದನ್ನು ಗಮನಿಸಬೇಕು.

ಜಪಾನಿನ ಹನ್ನೆರಡು ಪಂದ್ಯನಗರಗಳಲ್ಲಿ ಅತಿ ಚಿಕ್ಕದು ಕಾಮಾಯಿಷಿ. ಈಶಾನ್ಯ ಕರಾವಳಿಯ ಈ ಉಕ್ಕಿನ ಊರಿನ ಕಾರ್ಖಾನೆಯ ತಂಡ ೧೯೭೦ರ ದಶಕದ ಕೊನೆಯಿಂದ ಸತತವಾಗಿ ಏಳು ಬಾರಿ ರಾಷ್ಟ್ರದ ಪ್ರಶಸ್ತಿಯನ್ನು ಗೆದ್ದಿತ್ತು. ೨೦೧೧ರ ಮಾರ್ಚ್ ೧೧ರ ಸುನಾಮಿಯಲ್ಲಿ ಊರು ಬಹುಪಾಲು ಕೊಚ್ಚಿಹೋಯಿತು. ಉನೊಸುಮಾಯಿ ಬಡಾವಣೆಯಲ್ಲಿ ಎರಡು ಶಾಲೆಗಳಿದ್ದ ಜಾಗದಲ್ಲಿಯೇ ಹೊಸ ಕ್ರೀಡಾಂಗಣವನ್ನು ಕಟ್ಟಿದರು. ಆ ಶಾಲೆಗಳ ಮಕ್ಕಳು ಅಂದು ಎತ್ತರದ ನೆಲಕ್ಕೆ ಓಡಿ ಬದುಕಿಕೊಂಡಿದ್ದರು. ಕ್ರೀಡಾಂಗಣದ ಹದಿನಾರು ಸಾವಿರ ಆಸನಗಳಲ್ಲಿ ಸುಮಾರು ಹತ್ತು ಸಾವಿರ ತಾತ್ಕಾಲಿಕವಾದುವು. ೨೦೧೯ರ ಸೆಪ್ಟೆಂಬರ್ ೨೫ರಂದು ಅಲ್ಲಿ ಫಿಜಿ ಮತ್ತು ಉರುಗ್ವೆ ಆಡಿದುವು. ಹದಿನಾಲ್ಕು ಸಾವಿರ ಜನ ನೋಡಿದರು. ಉರುಗ್ವೆ ೩೦–೨೭ರಿಂದ ಗೆದ್ದಿತು. ಇಪ್ಪತ್ತು ವರ್ಷಗಳ ಹಿಂದೆ ಹ್ಯಾಂಪ್ಡನ್ನಿನ ಖಾಲಿ ಆಸನಗಳ ಮುಂದೆ ಆಡಿದ್ದ ದೇಶವೇ ಇದು. ಅಲ್ಲಿಯ ಎರಡನೆಯ ಪಂದ್ಯ ಚಂಡಮಾರುತದಿಂದಾಗಿ ರದ್ದಾಯಿತು. ಆಗ ಅಲ್ಲಿಗೆ ಬಂದಿದ್ದ ಕೆನಡಾದ ಆಟಗಾರರು ಸಲಿಕೆ ಹಿಡಿದು ಊರಿನ ಬೀದಿಗಳ ಕೆಸರನ್ನು ತೆಗೆದರು. ಊರು ತಂಡವನ್ನು ತನ್ನದೆಂದರೆ, ತಂಡವೂ ಊರನ್ನು ತನ್ನದೆನ್ನುತ್ತದೆ.

೫. ಬೆಲೆ, ದಾರಿ, ಅಳತೆ

ಆದರೂ ಭಾವವೊಂದರಿಂದಲೇ ಕೆಲಸ ನಡೆಯುವುದಿಲ್ಲ. ದೂರದರ್ಶನ ಹಾಗೂ ಪ್ರಾಯೋಜಕರಿಂದ ಬರುವ ಹಣ ಆಟದ ಅಂತರರಾಷ್ಟ್ರೀಯ ಸಂಸ್ಥೆಗೆ ಸಲ್ಲುತ್ತಿದ್ದ ಕಾಲದಲ್ಲಿ, ಆತಿಥೇಯರ ಮುಖ್ಯ ಆದಾಯ ಪ್ರವೇಶದ ಚೀಟಿಗಳದೇ ಆಗಿತ್ತು. ೨೦೧೫ರಲ್ಲಿ ಇಂಗ್ಲೆಂಡ್ ಪಂದ್ಯಾವಳಿಯನ್ನು ನಡೆಸುವ ಹಕ್ಕಿಗಾಗಿ ಕೊಡಬೇಕಾಗಿದ್ದ ಶುಲ್ಕವೇ ಎಂಟು ಕೋಟಿ ಪೌಂಡು. ಹೀಗಿರುವಾಗ ದೊಡ್ಡ ಕ್ರೀಡಾಂಗಣಗಳನ್ನು ಆರಿಸಿಕೊಳ್ಳುವ ಒತ್ತಡ ಸಹಜ. ರಗ್ಬಿಯ ಹಳೆಯ ಊರಾದ ಲೆಸ್ಟರಿನಲ್ಲಿ ಆಟದ ಸಂಘದ ಸ್ವಂತ ಮೈದಾನವನ್ನು ಬಿಟ್ಟು ಫುಟ್‌ಬಾಲ್ ಕ್ರೀಡಾಂಗಣವನ್ನು ಆರಿಸಿಕೊಂಡರು. ಅದಕ್ಕೆ ಕೊಟ್ಟ ಕಾರಣ ಆಟದ ಅಂಕಣದ ಅಳತೆ. ಬ್ರೈಟನ್, ಮಿಲ್ಟನ್ ಕೀನ್ಸ್ ಮುಂತಾದ, ರಗ್ಬಿಯ ಹೆಸರಿಲ್ಲದ ಊರುಗಳ ಫುಟ್‌ಬಾಲ್ ಕ್ರೀಡಾಂಗಣಗಳೂ ಪಟ್ಟಿಗೆ ಬಂದುವು. ಆಗ ಆಕ್ಷೇಪಣೆಗಳು ಕೇಳಿಬಂದುವು.

ಫಲಿತಾಂಶ ಆಕ್ಷೇಪಣೆಗಳನ್ನು ಬಹುಮಟ್ಟಿಗೆ ಸುಳ್ಳುಮಾಡಿತು. ಒಟ್ಟು ೪೮ ಪಂದ್ಯಗಳಿಗೆ ೨೪ ಲಕ್ಷಕ್ಕೂ ಹೆಚ್ಚು ಜನ ಬಂದರು. ಸರಾಸರಿ ಐವತ್ತು ಸಾವಿರವನ್ನು ಮೀರಿತು. ಸೆಪ್ಟೆಂಬರ್ ೧೯ರಂದು ಬ್ರೈಟನ್ನಿನಲ್ಲಿ ಜಪಾನ್ ದಕ್ಷಿಣ ಆಫ್ರಿಕವನ್ನು ೩೪–೩೨ರಿಂದ ಸೋಲಿಸಿದಾಗ ಮೂವತ್ತು ಸಾವಿರ ಆಸನಗಳ ಆ ಕ್ರೀಡಾಂಗಣ ಹೆಚ್ಚುಕಡಿಮೆ ತುಂಬಿತ್ತು. ಇದು ಹೇಗೆ ಸಾಧ್ಯವಾಯಿತು?

ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಬೆಲೆ. ಅನೇಕ ಗುಂಪು ಪಂದ್ಯಗಳಿಗೆ ಮಕ್ಕಳಿಗೆ ಏಳು ಪೌಂಡಿನಿಂದಲೂ ದೊಡ್ಡವರಿಗೆ ಹದಿನೈದು ಪೌಂಡಿನಿಂದಲೂ ಚೀಟಿಗಳು ಆರಂಭವಾಗುತ್ತಿದ್ದುವು. ಅಂತಿಮ ಪಂದ್ಯದ ಅತಿಹೆಚ್ಚಿನ ಬೆಲೆ ೭೧೫ ಪೌಂಡು. ಬೇಡಿಕೆಯಿದ್ದಲ್ಲಿ ಹೆಚ್ಚು ತೆಗೆದುಕೊಂಡು, ಇಲ್ಲದಲ್ಲಿ ಕಡಿಮೆ ಮಾಡಿ, ಒಂದರ ಲಾಭದಿಂದ ಇನ್ನೊಂದರ ಕೊರತೆಯನ್ನು ತುಂಬುವ ಕ್ರಮವಿದು. ಎರಡನೆಯದು ದಾರಿ. ಬ್ರೈಟನ್, ಮಿಲ್ಟನ್ ಕೀನ್ಸ್ ಎರಡೂ ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಊರಿನಲ್ಲಿಲ್ಲದ ಜನಬಲವನ್ನು ರೈಲು ತಂದುಕೊಟ್ಟಿತು. ಮೂರನೆಯದು ಅಳತೆ. ಎಕ್ಸೆಟರಿನ ಸುಮಾರು ಹನ್ನೆರಡು ಸಾವಿರ ಜನ ಹಿಡಿಸುವ ಮೈದಾನಕ್ಕೆ ಟಾಂಗಾ, ನಮೀಬಿಯ, ಜಾರ್ಜಿಯ ಮುಂತಾದವರ ಪಂದ್ಯಗಳು ಹೋದುವು. ಲಂಡನ್ನಿನ ವೆಂಬ್ಲಿಗೆ ಐರ್ಲೆಂಡ್ ಮತ್ತು ರೊಮೇನಿಯ ಪಂದ್ಯ ಹೋಯಿತು. ಅಲ್ಲಿ ೮೯ ಸಾವಿರಕ್ಕೂ ಮಿಕ್ಕ ಜನ ಸೇರಿ, ವಿಶ್ವಕಪ್ ಪಂದ್ಯವೊಂದರ ಅಂದಿನವರೆಗಿನ ದಾಖಲೆಯಾಯಿತು. ಲಂಡನ್ನಿನಲ್ಲಿ ನೆಲೆಸಿರುವ ಐರಿಷ್ ಜನರೂ ಸಮುದ್ರದಾಚೆಯಿಂದ ಬಂದವರೂ ಕೂಡಿ ತುಂಬಿದ ಕ್ರೀಡಾಂಗಣವದು.

ಮುಂಗಡವಾಗಿ ನ್ಯಾಯವಾದ ಬೆಲೆಗೆ ಚೀಟಿ ಮಾರುವುದರಲ್ಲಿ ಇನ್ನೊಂದು ರಕ್ಷಣೆಯಿದೆ. ಆ ವರ್ಷ ಇಂಗ್ಲೆಂಡ್ ತಂಡ ಗುಂಪಿನ ಹಂತದಲ್ಲಿಯೇ ಹೊರಬಿದ್ದಿತು. ಅನಂತರ ಅಕ್ಟೋಬರ್ ೧೦ರಂದು ಮ್ಯಾಂಚೆಸ್ಟರಿನಲ್ಲಿ ಉರುಗ್ವೆಯೊಡನೆ ಆಡಿದ, ಯಾವ ಪರಿಣಾಮವೂ ಇಲ್ಲದ ಪಂದ್ಯಕ್ಕೆ ಕೂಡ ಐವತ್ತು ಸಾವಿರ ಜನ ಬಂದರು. ಸೋಲುಗೆಲುವನ್ನು ನೆಚ್ಚಿಕೊಂಡ ಪ್ರೇಕ್ಷಕವರ್ಗ ಸೋಲಿನೊಡನೆ ಕರಗುತ್ತದೆ. ಮೊದಲೇ ಮಾತುಕೊಟ್ಟ ಪ್ರೇಕ್ಷಕವರ್ಗ ನಿಲ್ಲುತ್ತದೆ.

ಖರ್ಚಿನ ಇನ್ನೊಂದು ಮುಖವನ್ನೂ ಮರೆಯಬಾರದು. ೨೦೧೧ರ ವಿಶ್ವಕಪ್ಪಿಗೆ ಮುಂಚೆ ನ್ಯೂಜಿಲೆಂಡಿನ ಡುನೆಡಿನ್ ನಗರ ಇಪ್ಪತ್ತು ಕೋಟಿ ಡಾಲರಿಗೂ ಮಿಕ್ಕ ವೆಚ್ಚದಲ್ಲಿ ಮೇಲ್ಛಾವಣಿಯುಳ್ಳ ಕ್ರೀಡಾಂಗಣವನ್ನು ಕಟ್ಟಿತು. ಅದರ ಸಾಲದ ಭಾರ ಪಂದ್ಯಗಳು ಮುಗಿದ ಎಷ್ಟೋ ವರ್ಷಗಳವರೆಗೆ ಊರಿನ ತೆರಿಗೆದಾರರ ಚರ್ಚೆಯ ವಿಷಯವಾಯಿತು. ಕೆಲವು ವಾರಗಳ ಉತ್ಸವಕ್ಕಾಗಿ ಹಲವು ದಶಕಗಳ ಸಾಲ ಮಾಡುವ ಮುನ್ನ ಊರು ಎರಡು ಬಾರಿ ಯೋಚಿಸಬೇಕು. ಕಾಮಾಯಿಷಿಯ ತಾತ್ಕಾಲಿಕ ಆಸನಗಳು ಈ ದೃಷ್ಟಿಯಿಂದ ವಿವೇಕದ ಮಾದರಿ.

೬. ಸೆಳೆತವೂ ಸವೆಯುತ್ತದೆ

ಊರು ಒಮ್ಮೆ ತನ್ನದೆಂದುದು ಎಂದಿಗೂ ತನ್ನದೇ ಆಗಿರುತ್ತದೆಂದು ಭಾವಿಸುವುದೂ ತಪ್ಪು. ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ ೨೦೦೦ದಿಂದ ಏಳು ಜನರ ರಗ್ಬಿಯ ವಾರ್ಷಿಕ ಪಂದ್ಯಾವಳಿಯನ್ನು ನಡೆಸಿತು. ಅದರ ಏಳಿಗೆಯ ಕಾಲದಲ್ಲಿ ಸುಮಾರು ಮೂವತ್ತನಾಲ್ಕು ಸಾವಿರ ಜನರ ಕ್ರೀಡಾಂಗಣದ ಚೀಟಿಗಳು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದುವು. ಜನ ಬಗೆಬಗೆಯ ವೇಷ ಹಾಕಿಕೊಂಡು ಬರುತ್ತಿದ್ದರು. ಎರಡು ದಿನ ಊರೇ ಹಬ್ಬವಾಗುತ್ತಿತ್ತು. ಆದರೆ ಮುಂದಿನ ದಶಕದಲ್ಲಿ ಜನ ಇಳಿಯುತ್ತ ಬಂದರು. ಮದ್ಯಪಾನದ ಹಾವಳಿಯನ್ನು ತಡೆಯಲು ತಂದ ಬಿಗಿ ನಿಯಮಗಳೇ ಕಾರಣವೆಂದು ಕೆಲವರೂ, ಖರ್ಚು ಹೆಚ್ಚಿದುದೇ ಕಾರಣವೆಂದು ಕೆಲವರೂ, ಹೊಸತನ ಹೋದುದೇ ಕಾರಣವೆಂದು ಕೆಲವರೂ ವಾದಿಸಿದರು. ೨೦೧೭ರಲ್ಲಿ ವೆಲಿಂಗ್ಟನ್ನಿನ ಸರದಿ ಮುಗಿಯಿತು. ೨೦೧೮ರಿಂದ ಪಂದ್ಯಾವಳಿ ಹ್ಯಾಮಿಲ್ಟನ್ನಿಗೆ ಹೋಯಿತು. ಅಲ್ಲಿಯೂ ೨೦೨೩ರ ಜನವರಿಯದೇ ಕೊನೆಯದಾಯಿತು.

ಇದರಿಂದ ತಿಳಿಯುವುದೇನು? ಜನ ಆಟಕ್ಕಾಗಿ ಬರುತ್ತಿದ್ದಾರೋ, ಆಟದ ಸುತ್ತಣ ಗದ್ದಲಕ್ಕಾಗಿ ಬರುತ್ತಿದ್ದಾರೋ ಎಂಬುದನ್ನು ಸಂಘಟಕರು ತುಂಬಿದ ದಿನಗಳಲ್ಲಿಯೇ ವಿಚಾರಿಸಿಕೊಳ್ಳಬೇಕಾಗಿತ್ತು. ದೇವರನ್ನು ಮರೆತು ಬತ್ತಾಸಿನ ಅಂಗಡಿಯನ್ನೇ ನೆಚ್ಚಿದ ಜಾತ್ರೆ, ಅಂಗಡಿ ಎದ್ದ ದಿನ ಮುಗಿಯುತ್ತದೆ. ಊರನ್ನು ಬದಲಾಯಿಸಿದ ಮಾತ್ರಕ್ಕೆ ಆ ನಷ್ಟ ತುಂಬುವುದಿಲ್ಲ.

೭. ಶ್ರೇಣಿಯ ಕ್ರಮ

ಈ ಅನುಭವಗಳೆಲ್ಲದರ ಫಲವೆಂಬಂತೆ ೨೦೨೫ರ ಮಹಿಳೆಯರ ವಿಶ್ವಕಪ್ಪನ್ನು ಇಂಗ್ಲೆಂಡಿನಲ್ಲಿ ಎಂಟು ಊರುಗಳಿಗೆ ಹಂಚಿದ ರೀತಿ ಅಧ್ಯಯನಕ್ಕೆ ಯೋಗ್ಯವಾದುದು. ಮಹಿಳೆಯರ ಪಂದ್ಯಗಳಿಗೆ ಜನ ಬರುವುದಿಲ್ಲವೆಂಬುದು ಬಹುಕಾಲ ನಂಬಿದ್ದ ಮಾತು. ಸಂಘಟಕರು ಎಲ್ಲವನ್ನೂ ದೊಡ್ಡ ಕ್ರೀಡಾಂಗಣಗಳಿಗೆ ಒಯ್ಯಲಿಲ್ಲ. ಎಲ್ಲವನ್ನೂ ಚಿಕ್ಕವಕ್ಕೂ ಒಯ್ಯಲಿಲ್ಲ. ಇಂಗ್ಲೆಂಡ್ ಆಡಿದ ಪ್ರಾರಂಭದ ಪಂದ್ಯ ಈಶಾನ್ಯದ ಸಂಡರ್‌ಲೆಂಡಿನಲ್ಲಿ ನಡೆಯಿತು. ೪೨ ಸಾವಿರಕ್ಕೂ ಹೆಚ್ಚು ಜನ ಬಂದರು. ಯಾರ್ಕ್, ಸಾಲ್ಫರ್ಡ್, ಎಕ್ಸೆಟರ್, ನಾರ್ತ್‌ಹ್ಯಾಂಪ್ಟನ್ ಮೊದಲಾದುವುಗಳ ಸಣ್ಣ ಮೈದಾನಗಳಿಗೆ ಇತರ ಗುಂಪು ಪಂದ್ಯಗಳು ಹೋದುವು. ಅಂತಿಮ ಪಂದ್ಯಕ್ಕೆ ಟ್ವಿಕನಮ್ ಕ್ರೀಡಾಂಗಣದಲ್ಲಿ ೮೧ ಸಾವಿರಕ್ಕೂ ಮಿಕ್ಕ ಜನ ಸೇರಿದರು. ಒಟ್ಟು ಪ್ರೇಕ್ಷಕರು ನಾಲ್ಕು ಲಕ್ಷವನ್ನು ಮೀರಿದರು.

ಇಲ್ಲಿ ಕ್ರಿಸ್ಟಾಲರನ ಶ್ರೇಣಿ ಕಾಣುತ್ತದೆ: ಚಿಕ್ಕ ಪಂದ್ಯ ಚಿಕ್ಕ ಊರಿಗೆ, ದೊಡ್ಡದು ದೊಡ್ಡದಕ್ಕೆ. ಆದರೆ ಶ್ರೇಣಿಯನ್ನು ನಿರ್ಧರಿಸಿದುದು ಊರಿನ ಜನಸಂಖ್ಯೆಯೊಂದೇ ಅಲ್ಲ; ಪಂದ್ಯದ ಸೆಳೆತವೂ, ಕ್ರೀಡಾಂಗಣದ ಅಳತೆಯೂ, ಊರಿನ ಆಟದ ಪರಂಪರೆಯೂ ಕೂಡಿ ನಿರ್ಧರಿಸಿದುವು. ಅಲ್ಲದೆ ಆತಿಥೇಯ ತಂಡದ ಮೊದಲ ಆಟವನ್ನು ರಾಜಧಾನಿಯಿಂದ ದೂರ ಒಯ್ದು, ಆಟದ ವ್ಯಾಪ್ತಿಯನ್ನೂ ಹಿಗ್ಗಿಸಿದರು. ತುಂಬಿದ ಚಿಕ್ಕ ಮೈದಾನ ಮುಂದಿನ ದೊಡ್ಡ ಪಂದ್ಯಕ್ಕೆ ಜನವನ್ನು ಬೆಳೆಸುತ್ತದೆ. ಖಾಲಿಯಾದ ದೊಡ್ಡ ಮೈದಾನ ಅಂಥ ಬೆಳೆಯನ್ನು ಚಿಗುರಿನಲ್ಲಿಯೇ ಒಣಗಿಸುತ್ತದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾಲ್ಕು ಮಾತುಗಳನ್ನು ಸಂಗ್ರಹಿಸಬಹುದು. ಊರನ್ನು ಆರಿಸುವ ಮುನ್ನ ಪಂದ್ಯವನ್ನು ಅಳೆಯಬೇಕು. ಕ್ರೀಡಾಂಗಣ ಪಂದ್ಯದ ಅಳತೆಗೆ ತಕ್ಕುದಾಗಿರಬೇಕು. ಕೊರತೆಯಾದರೆ ತಾತ್ಕಾಲಿಕ ಆಸನಗಳಿಂದ ಹಿಗ್ಗಿಸಬಹುದು, ಹೆಚ್ಚಾದ ಖಾಲಿ ಆಸನಗಳನ್ನು ಮರೆಮಾಡಲಾಗದು. ಪರಂಪರೆಯಿಲ್ಲದ ಊರಿಗೆ ಕೊಡುವುದಾದರೆ ಬೆಲೆಯೂ ದಾರಿಯೂ ಅನುಕೂಲವಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪಂದ್ಯಕ್ಕೆ ಬಹಳ ಮುಂಚೆಯೇ ಊರಿನವರಿಗೆ ಅದರಲ್ಲಿ ಪಾಲು ದೊರೆಯಬೇಕು.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಸಣ್ಣ ಊರಿನ ತುಂಬಿದ ಮೈದಾನ ಕಣ್ಣಿಗೆ ಹಬ್ಬವಾದರೂ ಬೊಕ್ಕಸಕ್ಕೆ ಲಾಭವಲ್ಲ ಎಂದು ಲೆಕ್ಕಪತ್ರದವರು ಹೇಳುತ್ತಾರೆ, ಅದು ಸುಳ್ಳಲ್ಲ. ೨೦೨೭ರ ವಿಶ್ವಕಪ್ಪಿಗೆ ಆಸ್ಟ್ರೇಲಿಯದಲ್ಲಿ ಪರ್ತ್, ಅಡಿಲೇಡ್, ಮೆಲ್ಬರ್ನ್, ಸಿಡ್ನಿ, ನ್ಯೂಕಾಸಲ್, ಬ್ರಿಸ್ಬೇನ್, ಟೌನ್ಸ್‌ವಿಲ್ ಎಂಬ ಏಳು ನಗರಗಳನ್ನು ಆರಿಸಲಾಗಿದೆ. ಪಂದ್ಯಗಳು ಐವತ್ತೆರಡು. ಲಾನ್ಸೆಸ್ಟನ್ ಈ ಪಟ್ಟಿಯಲ್ಲಿಲ್ಲ. ತಂಡಗಳು ಹೆಚ್ಚಿ, ಅಪರಿಚಿತ ಪಂದ್ಯಗಳೂ ಹೆಚ್ಚುವ ಸಂದರ್ಭದಲ್ಲಿ ಅಂಥ ಊರುಗಳನ್ನು ಕೈಬಿಟ್ಟುದು ಸರಿಯೇ ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ. ನಾಲ್ಕು ವರ್ಷ ಕಾದು, ಸಾಲ ಸೋಲ ಮಾಡಿ ಭೂಮಿಯ ಇನ್ನೊಂದು ತುದಿಗೆ ಬರುವ ಸಣ್ಣ ದೇಶದ ತಂಡಕ್ಕೆ, ತನ್ನನ್ನು ನೋಡಲು ಜನ ಬಂದಿದ್ದಾರೆಂಬುದು ಸಣ್ಣ ಸಂಗತಿಯಲ್ಲ.

ಕೊನೆಯದಾಗಿ ನಮ್ಮ ದೇಶಕ್ಕೆ ಸಂಬಂಧಿಸಿದ ಎರಡು ಸಂಗತಿಗಳು. ೧೮೭೩ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷರು ಸ್ಥಾಪಿಸಿದ ರಗ್ಬಿ ಸಂಘ ಐದೇ ವರ್ಷಗಳಲ್ಲಿ ಮುಚ್ಚಿತು. ಆಟವನ್ನು ಉಳಿಸಿದ್ದ ಸೇನಾದಳ ಬೇರೆಡೆಗೆ ಹೋಯಿತು. ಉಳಿದವರು ಸೆಕೆಯ ನಾಡಿಗೆ ಟೆನಿಸು, ಪೋಲೋಗಳೇ ವಾಸಿಯೆಂದರು. ಸಂಘದ ಖಾತೆಯಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ, ನಾಗರಗಳ ಹಿಡಿಕೆಯೂ ಮುಚ್ಚಳದ ಮೇಲೆ ಆನೆಯೂ ಇರುವ ಒಂದು ಬಟ್ಟಲನ್ನು ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿದರು. ‘ಕಲ್ಕತ್ತ ಕಪ್’ ಎಂಬ ಹೆಸರಿನ ಅದಕ್ಕಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ೧೮೭೯ರಿಂದ ಆಡುತ್ತ ಬಂದಿವೆ. ಊರಿನ ಹೆಸರು ಉಳಿಯಿತು. ಊರಿಗೂ ಆ ಪಂದ್ಯಕ್ಕೂ ಇದ್ದ ನಂಟು ಹೋಯಿತು. ಇನ್ನು ೨೦೨೫ರ ಜೂನ್ ತಿಂಗಳಲ್ಲಿ ಭಾರತದಲ್ಲಿ ಏಳು ಜನರ ರಗ್ಬಿಯ ಹೊಸ ಲೀಗ್ ಪಂದ್ಯಾವಳಿ ಆರಂಭವಾಯಿತು. ಆರು ತಂಡಗಳಲ್ಲಿ ಬೆಂಗಳೂರಿನ ಹೆಸರಿನದೂ ಒಂದು. ಆದರೆ ಆ ಮೊದಲ ವರ್ಷದ ಪಂದ್ಯಗಳೆಲ್ಲವೂ ಮುಂಬಯಿಯ ಒಂದೇ ಕ್ರೀಡಾಂಗಣದಲ್ಲಿ ನಡೆದುವು. ಹೊಸ ಉದ್ಯಮದ ಮೊದಲ ವರ್ಷಕ್ಕೆ ಅದು ಎಚ್ಚರಿಕೆಯ ಕ್ರಮವೇ ಸರಿ; ಖಾಲಿ ಮೈದಾನಗಳ ಅಪಾಯ ಅದರಿಂದ ತಪ್ಪಿತು. ಆದರೆ ಹೆಸರನ್ನು ಕೊಟ್ಟ ಊರಿಗೆ ಪಂದ್ಯವನ್ನೂ ಎಂದಾದರೊಂದು ದಿನ ಕೊಡಬೇಕಾಗುತ್ತದೆ. ಆಗ ಸಂಘಟಕರು ಅತಿದೊಡ್ಡ ಕ್ರೀಡಾಂಗಣ ಯಾವುದೆಂದು ಮೊದಲು ಕೇಳುವರೋ, ಈ ಆಟವನ್ನು ತಮ್ಮದೆನ್ನುವವರು ಯಾವ ಬಡಾವಣೆಯಲ್ಲಿ, ಯಾವ ಕಾಲೇಜಿನ ಬಯಲಿನಲ್ಲಿದ್ದಾರೆಂದು ಮೊದಲು ಕೇಳುವರೋ, ಅದರ ಮೇಲೆ ಫಲಿತಾಂಶ ನಿಂತಿದೆ.